ಅಳಿಯಂದಿರು ಕೊಟ್ಟ ಸಾಕ್ಷಿ

ನೋಡಿ, ಒಂದು ನೇಕಾರರ ಊರು. ಆ ಊರಲ್ಲಿ ಒಬ್ಬ ಶ್ರೀಮಂತ ಇದ್ದ. ಕುಪ್ಪಸದ ಖಣದ ವ್ಯಾಪಾರಿ, ಎಲ್ಲರೂ ಸಾವ್ಕಾರ ಎಂದೇ ಕರೆಯುತ್ತಿದ್ದರು. ಶ್ರೀಮಂತ ಅಂದ ಕೂಡಲೇ ಮುಖ ಕಿವುಚಬೇಡಿ, ಈ ಕಥೆಯಲ್ಲಿ ಅವನು ಒಳ್ಳೆಯವನು. ಪ್ರತಿ ಸಲ ಶ್ರೀಮಂತನನ್ನೇ ಬೈದು ಬೈದು ನನಗೂ ಬೇಜಾರಾಗಿದೆ.

ಅಂಗಡಿಗೆ ಬಂದು ಖಣ ಕೊಳ್ಳುವವರು ಕಡಿಮೆಯಾದರು. ಎಲ್ಲರೂ ಮೊಬೈಲಿನಲ್ಲೇ ಹುಡುಕಿ ತರಿಸಿಕೊಳ್ಳತೊಡಗಿದರು. ನೇಕಾರರು ಬಂದು, "ಸಾವ್ಕಾರ್ರ, ಹಿಂಗಾದ್ರ ನಾವು ಮಗ್ಗ ಬಿಚ್ಚಿಟ್ಟು ಗೋವಾಕ್ಕ ದುಡಿಯಾಕ ಹೋಗೂದ" ಅಂದರು. "ಮಗ್ಗ ನಿಲ್ಲಾಕ ನಾ ಬಿಡೂದಿಲ್ಲ" ಎಂದು ಅವನು ಮಾತು ಕೊಟ್ಟ. ಒಂದು ವೆಬ್‌ಸೈಟ್ ಮಾಡಿಸಿದ.

ಮಾಡಿಸಿದ್ದೇನೋ ಸರಿ. ಆದರೆ ಖಣ ಎಂದು ಹುಡುಕಿದರೆ ಅವನ ಅಂಗಡಿ ಎಲ್ಲೋ ಕೊನೆಯ ಪುಟದಲ್ಲಿ. ಕೊನೆಯ ಪುಟ ಯಾರು ನೋಡುತ್ತಾರೆ? ನೀವು ನೋಡಿದ್ದೀರಾ? ಮೊದಲ ಪುಟ ಮುಗಿಯುವಷ್ಟರಲ್ಲೇ ನಿಮಗೆ ಆಕಳಿಕೆ ಬಂದಿರುತ್ತದೆ.

ಯಾರೋ ಅವನ ಕಿವಿಯಲ್ಲಿ ಹೇಳಿದರು: ಬೇರೆ ವೆಬ್‌ಸೈಟಿನವರು ನಿನ್ನ ಕಡೆ ಬೆರಳು ತೋರಿಸಿ ಕೊಂಡಿ ಹಾಕಬೇಕು, ಅದಕ್ಕೇ ಲಿಂಕ್ ಅನ್ನುವುದು, ಲಿಂಕ್ ಹೆಚ್ಚಾದಷ್ಟೂ ನೀನು ಮೇಲೆ. ಅಷ್ಟೇನಾ! ಸಾವ್ಕಾರ ಅಳಿಯಂದಿರನ್ನೆಲ್ಲ ಕರೆಸಿದ. ನಮ್ಮ ಕಡೆ ಮದುವೆಯಿರಲಿ, ಚುನಾವಣೆಯಿರಲಿ, ಮೊದಲು ಬರುವವರು ಅಳಿಯಂದಿರು ತಾನೆ? ಸಿಮೆಂಟ್ ಅಂಗಡಿಯ ಅಳಿಯ ಒಂದು ವೆಬ್‌ಸೈಟ್ ತೆರೆದು, ಖಣವೆಂದರೆ ನಮ್ಮ ಮಾವನದೇ ಅಂದ. ಬೋರ್‌ವೆಲ್ ಅಳಿಯನೂ ಅದನ್ನೇ ಅಂದ. ಮಾವ ತನ್ನ ಪುಟದಲ್ಲಿ, ಬೋರ್‌ವೆಲ್ ಎಂದರೆ ನಮ್ಮ ಅಳಿಯನದೇ ಅಂದ. ಮಾವನಿಗೆ ಅಳಿಯ, ಅಳಿಯನಿಗೆ ಮಾವ! ಸಾಲದ್ದಕ್ಕೆ ಪುಟದ ತುಂಬ ಶುದ್ಧ ಖಣ, ಉತ್ತಮ ಖಣ, ಖಣ, ಖಣ ಎಂದು ಬರೆಸಿದ. ಹೇಗೆ? ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ. ಜನರಿಗೆ ಕಾಣಬಾರದು, ಹುಡುಕುವ ಯಂತ್ರ ಮಾತ್ರ ಓದಬೇಕು!

ಯಂತ್ರ ಓದಿತು. ಓದಿ, ಕೊನೆಯ ಪುಟದಿಂದಲೂ ಅವನನ್ನು ಹೊರಗೆ ಹಾಕಿತು.

ಓಣಿಯಲ್ಲಿ ಒಂದೊಂದೇ ಮಗ್ಗ ಸದ್ದು ನಿಲ್ಲಿಸಿತು. ಈರವ್ವ ಎಂಬ ನೇಕಾರ ಹೆಂಗಸು ಬಾಗಿಲಿಗೆ ಬಂದು, "ಮುಂದಿನ ವಾರ ಗೋವಾ ಬಸ್ ಹತ್ತತೀವ್ರಿ" ಅಂದು ಹೋದಳು. ಸಾವ್ಕಾರ ತಟ್ಟೆಯ ಮುಂದೆ ಕೂತು ಉಣ್ಣದೇ ಎದ್ದ. ಹೆಂಡತಿ ಕೇಳಿದಳು:

"ಅಲ್ರೀ, ಮಗಳಿಗೆ ವರಾ ನೋಡುಮುಂದ ಹುಡುಗನ ಬಗ್ಗೆ ಯಾರನ್ನ ಕೇಳಿದ್ರಿ? ಅವರ ಮನೀ ಅಳಿಯನ್ನ ಕೇಳಿದ್ರೇನು?"

"ಛೇ, ಅವ್ರು ಹೊಗಳೇ ಹೊಗಳ್ತಾರ. ಓಣಿಯವರೆಲ್ಲಾ ಯಾರ ಮಾತು ನಂಬ್ತಾರೋ, ಆ ಸೂಲಗಿತ್ತಿ ಮುದುಕೀನ ಕೇಳಿದೆ."

"ಆಮ್ಯಾಲೆ?"

"ಒಳಗ ಹೋಗಿ ಮನೀ ಹೆಂಗೈತಿ ಅಂತ ನಾನ ಕಣ್ಣಾರೆ ನೋಡಿದೆ."

"ಆ ಯಂತ್ರಾನೂ ಅಷ್ಟ ಮಾಡಿರಬೇಕು ಬಿಡ್ರಿ."

ಆಹಾ! ನನಗೆ ಆ ಯಂತ್ರದ ಮೇಲೆ ಭಾರಿ ಮೆಚ್ಚುಗೆ, ನೋಡಿ. ಅದು ಕೊಂಡಿ ಎಷ್ಟು ಎಂದಷ್ಟೇ ಎಣಿಸುವುದಿಲ್ಲ. ಕೊಂಡಿ ಹಾಕಿದವನು ಯಾರು, ಅವನನ್ನು ಯಾರು ನಂಬುತ್ತಾರೆ ಎಂದು ಕೇಳುತ್ತದೆ. ಕಂಡಕಂಡವರಿಗೆಲ್ಲ ಕೊಂಡಿ ಹಂಚುವವನ ಮಾತಿಗೆ ತೂಕ ಕಡಿಮೆ. ಒಳ್ಳೆಯ ಸಾಕ್ಷಿ ಸಿಕ್ಕರೂ ಅಲ್ಲಿಗೇ ಬಿಡುವುದಿಲ್ಲ. ಒಳಗೆ ಬಂದು ಪುಟ ಓದುತ್ತದೆ: ಹುಡುಕಿಕೊಂಡು ಬಂದವರಿಗೆ ಬೇಕಾದದ್ದು ಇಲ್ಲಿದೆಯೇ? ಹೊರಗಿನವರ ಮಾತೂ ಬೇಕು, ಒಳಗೆ ಸರಕೂ ಬೇಕು. ವಧುವರರ ವಿಚಾರಣೆಯಲ್ಲಿ ನಮ್ಮವರು ಎಂದಿನಿಂದಲೂ ಮಾಡುತ್ತ ಬಂದದ್ದು ಇದನ್ನೇ ಅಲ್ಲವೇ?

ಸಾವ್ಕಾರ ಈರವ್ವನ ಮನೆಗೆ ಓಡಿದ. "ಬಸ್ ಹತ್ತಬ್ಯಾಡ್ರಿ. ನೇಯ್ರಿ, ಮಾರೂತನಕ ಖಣ ನನ್ನ ಗೋದಾಮಿನಾಗ ಇರಲಿ" ಅಂದ. ಬಿಳಿ ಅಕ್ಷರ ಅಳಿಸಿದ. ಅಳಿಯಂದಿರ ಕೊಂಡಿಗಳನ್ನು ತೆಗೆಸಿ ಅವರನ್ನು ಊರಿಗೆ ಕಳಿಸಿದ, ಹೋಳಿಗೆ ಊಟ ಹಾಕಿಯೇ ಕಳಿಸಿದ ಅನ್ನಿ. ಪುಟದ ತಲೆಯ ಮೇಲೆ ಕೈಮಗ್ಗದ ಖಣ ಎಂದು ಒಂದೇ ಸಲ ಬರೆಸಿದ. ಅಗಲ ಎಷ್ಟು, ಒಂದು ಕುಪ್ಪಸಕ್ಕೆ ಎಷ್ಟು ಬೇಕು, ಯಾವ ಚಿತ್ರದಲ್ಲಿರುವುದು ಯಾವ ಅಂಚು, ಎಲ್ಲ ಬರೆಸಿದ. ಕೆಂಪು ಖಣ ಮೊದಲ ಸಲ ಸ್ವಲ್ಪ ಬಣ್ಣ ಬಿಡುತ್ತದೆ, ಬೇರೆಯಾಗಿ ಒಗೆಯಿರಿ ಎಂದೂ ಬರೆಸಿದ. ಅಳಿಯಂದಿರು ಫೋನ್ ಮಾಡಿ, "ಮಾವಾರ, ಇದನ್ಯಾಕ ಬರಸ್ತೀರಿ, ಯಾರ್ ತಗೋತಾರ?" ಅಂದರು. ಸಾವ್ಕಾರ ಕೇಳಲಿಲ್ಲ. ಕೊನೆಗೆ, ರೇಷ್ಮೆ ಖಣ ನನ್ನಲ್ಲಿ ಇಲ್ಲ, ಎದುರು ಓಣಿಯವರದು ಚೆನ್ನಾಗಿದೆ ಎಂದು ತನ್ನ ಎದುರಾಳಿಗೇ ಕೊಂಡಿ ಹಾಕಿದ. ಅದಕ್ಕೆ ಎಂಥ ಗಟ್ಟಿ ಎದೆ ಬೇಕು!

ಫಲ ಕೂಡಲೇ ಬರಲಿಲ್ಲ. ಗೋದಾಮು ತುಂಬುತ್ತಲೇ ಹೋಯಿತು. ಆಮೇಲೆ ದೂರದ ಊರಿನ ನೃತ್ಯದ ಟೀಚರ್ ಒಬ್ಬಳು ಆ ಪುಟ ಓದಿದಳು. ಸಾವ್ಕಾರ ಅವಳ ಮುಖವನ್ನೂ ನೋಡಿದವನಲ್ಲ. ವೇಷಭೂಷಣದ ಬಗ್ಗೆ ಅವಳು ಬರೆದದ್ದನ್ನು ಸಾವಿರಾರು ಜನ ನಂಬುತ್ತಾರೆ. ಬಣ್ಣ ಬಿಡುತ್ತದೆ ಎಂದು ತಾನೇ ಹೇಳುವ ಅಂಗಡಿ ಸಿಕ್ಕಿತು, ಇಲ್ಲಿಂದಲೇ ತರಿಸಿ ಎಂದು ಬರೆದು ಅವಳು ಕೊಂಡಿ ಹಾಕಿದಳು. ಅವಳನ್ನು ನಂಬಿ ಇನ್ನು ಕೆಲವರು ಹಾಕಿದರು. ಅಳಿಯಂದಿರೆಲ್ಲ ಸೇರಿ ಆಗದ್ದು ಆಯಿತು. ಸಾವ್ಕಾರನ ಅಂಗಡಿ ಮೊದಲ ಪುಟಕ್ಕೆ ಬಂದು ಕೂತಿತು. ಈರವ್ವ ಬಾಗಿಲಿಗೆ ಬಂದಳು. ಈ ಸಲ, "ನೂಲು ಸಾಕಾಗವಲ್ದರಿ ಸಾವ್ಕಾರ್ರ" ಅಂದಳು. ಅವನ ಕಣ್ಣು ತುಂಬಿತು.

ಈಗ ನೀವು ಹೇಳಿ. ನಿಮ್ಮ ಪರವಾಗಿ ಮಾತಾಡುವವರು ಯಾರು? ಮನೆಯವರೇ? ನೀವು ಹೊಗಳಿದ್ದಕ್ಕೆ ತಿರುಗಿ ಹೊಗಳುವವರೇ? ಅದು ಲೆಕ್ಕಕ್ಕಿಲ್ಲ. ನಾಳೆ ಅಂಗಡಿ ತೆರೆದಾಗ ಮಾಲಿನಲ್ಲಿ ಕೊರತೆ ಇದ್ದರೆ ನೀವೇ ಮೊದಲು ಹೇಳಿ. ಕೇಳಿದ್ದು ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದವನ ಅಂಗಡಿ ತೋರಿಸಿ. ಮುಖ ನೋಡದ ಯಾರೋ ಒಬ್ಬರು ನಿಮ್ಮ ಹೆಸರು ಹೇಳುವ ಹಾಗೆ ಬದುಕಿ.

ಮತ್ತೆ, ಕಮಿಟಿ ಅಧ್ಯಕ್ಷರೇ, ನಗಬೇಡಿ. ಹೊರಗೆ ಗೇಟಿನ ಮೇಲೆ ನನ್ನ ಫೋಟೊ ಹಾಕಿ ಪರಮಪೂಜ್ಯ, ಮಹಾಜ್ಞಾನಿ, ನಡೆದಾಡುವ ದೇವರು ಎಂದು ಫ್ಲೆಕ್ಸ್ ಕಟ್ಟಿಸಿದ್ದೀರಲ್ಲ, ಅದನ್ನು ಈಗಲೇ ಬಿಚ್ಚಿಸಿ. ಅದರ ಜಾಗದಲ್ಲಿ ಇಷ್ಟೇ ಬರೆಸಿ: ಕುಡಿಯುವ ನೀರು ಎಡಕ್ಕೆ, ಪ್ರಸಾದ ಪ್ರವಚನ ಮುಗಿದ ಮೇಲೆ. ಅದರ ಕೆಳಗೆ, ನಾಳೆ ಪಕ್ಕದೂರಿನ ಮಠಕ್ಕೆ ನನಗಿಂತ ಚೆನ್ನಾಗಿ ಹೇಳುವವರು ಬರುತ್ತಾರೆ, ಅವರ ಹೆಸರು ಬರೆಸಿ. ದೊಡ್ಡ ಅಕ್ಷರದಲ್ಲಿ, ಎಲ್ಲರಿಗೂ ಕಾಣುವ ಬಣ್ಣದಲ್ಲಿ.