ಎರಡು ಕಡೆ ಹಾಕಿದ ಎಲೆ

ಗುರುವಾಯನಕೆರೆಯಿಂದ ಒಳಗೆ, ನಮ್ಮ ದೊಡ್ಡಮ್ಮನ ಮನೆಗೆ ಹೋಗುವಾಗ ಒಂದು ಬಾವಿ ಸಿಗ್ತದೆ. ರಾಟೆ ಇಲ್ಲ, ಈಗ ಯಾರೂ ನೀರು ಸೇದುವುದಿಲ್ಲ. ರಾತ್ರಿ ಆ ಬಾವಿ ದಾಟುವಾಗ ನಾನು ಈಗಲೂ ಒಮ್ಮೆ ನಿಲ್ತೇನೆ... ಹಿಂದೆ ಯಾರಾದರೂ ಬರ್ತಾ ಇದ್ದಾರಾ ಅಂತ ಕಿವಿ ಕೊಡ್ತೇನೆ. ಹೆದರಿಕೆಗೆ ಅಲ್ಲ. ರಿಕ್ಷಾ ಓಡಿಸುವವ ರಾತ್ರಿಗೆ ಹೆದರಿದರೆ ಹೊಟ್ಟೆಗೆ ಎಂತ ಮಾಡುವುದು?

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಂಬಿಸ್ಲಿಕ್ಕೆ ನನಗೆ ತ್ರಾಣ ಇಲ್ಲ, ಬೆಳಿಗ್ಗೆಯಿಂದ ಗಾಡಿಯಲ್ಲೇ ಇದ್ದೇನೆ. ಆದರೆ ಸುಳ್ಳು ಅಂತ ಮಾತ್ರ ಹೇಳ್ಬೇಡಿ. ಇದು ಹೆಚ್ಚಿನದ್ದು ಚಿದಾನಂದನಿಗೆ ಆದದ್ದು. ಅವ ನನ್ನ ದೊಡ್ಡಮ್ಮನ ಮಗ, ನನಗಿಂತ ಸಣ್ಣವ. ಕೊನೆಯ ಭಾಗ ಮಾತ್ರ ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದು.

ಚಿದಾನಂದ ಮಸ್ಕತ್ತಿನಲ್ಲಿ ಇದ್ದ, ಒಂದು ಬೇಕರಿಯ ವ್ಯಾನು ಓಡಿಸಿಕೊಂಡು. ಇಲ್ಲಿ ಅವನ ಅಪ್ಪ, ನಮ್ಮ ರುಕ್ಮಯ್ಯ ದೊಡ್ಡಪ್ಪ, ಆಯುಷ್ಯ ಇಡೀ ಕಂಡವರ ರಬ್ಬರ್ ಮರ ಕೀಸಿ ಕೀಸಿ ಬಚ್ಚಿದ, ದಣಿದುಹೋದ ಜೀವ. ದೂರ ಹೋದದ್ದು ಅಂದರೆ ಮೂಡುಬಿದಿರೆ, ಇಲ್ಲದಿದ್ದರೆ ಕೊನೆಕೊನೆಗೆ ಮಂಗಳೂರಿನ ಆಸ್ಪತ್ರೆ. ದಮ್ಮು ಇತ್ತು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕೆಮ್ಮುತ್ತಾ ಕೂತವರು ಹಾಗೆಯೇ ಹೋಗಿಬಿಟ್ಟರು. ಚಿದನಿಗೆ ರಜೆ ಸಿಗಲಿಲ್ಲ. ನಾನು ಇಲ್ಲಿ ಮೊಬೈಲು ಎತ್ತಿ ಹಿಡಿದೆ, ಅವ ಅಲ್ಲಿ ಕೂತು ಅಪ್ಪನ ಚಿತೆ ಉರಿಯುವುದನ್ನು ನೋಡಿದ. ಉತ್ತರಕ್ರಿಯೆಯನ್ನೂ ಹಾಗೆಯೇ ನೋಡಿದ. ಅಲ್ಲಿಂದ ಅವನಿಗೆ ನಿದ್ದೆ ಬಿಟ್ಟುಹೋಯಿತು.

ನಮ್ಮಲ್ಲಿ ಜುಲೈ-ಆಗಸ್ಟಿನ ಮಳೆಗೆ, ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ಕ್ರಮ ಉಂಟಲ್ಲ? ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಅವರವರಿಗೆ ಬೇಕಾದ ಬೀಡಿಯೋ ಕಳ್ಳೋ ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಎಳೆದು ಎಲ್ಲರೂ ಹೊರಗೆ ಬರುವುದು. ಅವರು ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲು ಬಡಿದು, ಆಮೇಲೆಯೇ ತೆರೆಯುವುದು. ದೊಡ್ಡಪ್ಪನಿಗೆ ಅದು ಮೊದಲ ಆಟಿ. ನೀಲಾವತಿ ದೊಡ್ಡಮ್ಮ ಮಗನಿಗೆ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು.

"ಇಲ್ಲಿ ನಾವು ಬಡಿಸ್ತೇವೆ. ನೀನು ಅಲ್ಲಿ ಎಂತದೂ ಮಾಡ್ಲಿಕ್ಕೆ ಹೋಗ್ಬೇಡ. ಎರಡು ಕಡೆ ಎಲೆ ಹಾಕಿ ಕರೀಬಾರ್ದು."

"ಇಲ್ಲಮ್ಮ," ಅಂದಿದ್ದ ಇವ.

ಅದೇ ದಿವಸ ಅವನಿಗೆ ವಾರದ ರಜೆ. ರೂಮಿನಲ್ಲಿ ಎ.ಸಿ. ಕೆಟ್ಟು ಕೂತಿತ್ತು. ಅಲ್ಲಿಯ ಸೆಕೆ ನಮ್ಮ ಏಪ್ರಿಲಿನ ಹಾಗೆ ಅಲ್ಲ, ಗೋಡೆ ಮುಟ್ಟಿದರೆ ಕೈ ಸುಡ್ತದಂತೆ. ಅವನ ಜೊತೆ ಪಾಣೆಮಂಗಳೂರಿನ ಶರೀಫ್ ಇದ್ದ, ಹಳೇ ಜೀಪು ಇಟ್ಟುಕೊಂಡವ. ಅವನೇ ಹೇಳಿದ್ದು, "ಬೆಟ್ಟಕ್ಕೆ ಹೋಗುವ ಮಾರಾಯ. ಮೇಲೆ ತಂಪು ಉಂಟು. ನಿನಗೆ ಒಂದು ನಿದ್ದೆಯಾದ್ರೂ ಬಂದೀತು."

ಹಾಗೆ ಹೋದದ್ದು. ಮೋಜಿಗೆ ಅಲ್ಲ... ನಿದ್ದೆ ಮಾಡ್ಲಿಕ್ಕೆ.

ಮರುಭೂಮಿಯ ಬೆಟ್ಟ ಅಂದರೆ ನಮ್ಮ ಘಟ್ಟದ ಹಾಗೆ ಅಂತ ಎಣಿಸ್ಬೇಡಿ. ಹುಲ್ಲು ಇಲ್ಲ. ಕಲ್ಲು, ಕಲ್ಲಿನ ಮೇಲೆ ಕಲ್ಲು, ಎಲ್ಲೋ ಒಂದು ಸೊಟ್ಟ ಮರ. ಡಾಮರು ಮುಗಿದು ಜಲ್ಲಿಯ ದಾರಿಯಲ್ಲಿ ಗಡಗಡ ಹತ್ತಿ ಹೋದರೆ ಮೇಲೆ ಒಂದು ಸಮತಟ್ಟು ಜಾಗ. ಯಾರು ಬೇಕಾದರೂ ಡೇರೆ ಹಾಕಬಹುದು. ಟಿಕೆಟಿಲ್ಲ, ಕೇಳುವವರಿಲ್ಲ. ನೀರಿಲ್ಲ, ಕಕ್ಕಸಿಲ್ಲ, ದೀಪವಿಲ್ಲ. ಅವತ್ತು ಇವರಿಬ್ಬರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೆ ಚಳಿ ಇತ್ತಂತೆ... ಅಷ್ಟು ಸೆಕೆಯಿಂದ ಬಂದವರಿಗೆ ಆ ಚಳಿಯೇ ಸ್ವರ್ಗ.

ಗ್ಯಾಸಿನ ಸಣ್ಣ ಒಲೆಯಲ್ಲಿ ಅನ್ನ ಬೇಯಿಸಿ, ರೂಮಿನಿಂದ ತಂದ ಕೋಳಿ ಪದಾರ್ಥ ಬಿಸಿ ಮಾಡಿ ಉಂಡರು. ಶರೀಫ್ ಡೇರೆಯೊಳಗೆ ಹೊಕ್ಕವನೇ ಗೊರಕೆ ಸುರು ಮಾಡಿದ. ಚಿದನಿಗೆ ನಿದ್ದೆ ಬರಲಿಲ್ಲ. ಇಷ್ಟು ಮೇಲೆ ಬಂದರೂ ಬರಲಿಲ್ಲ. ಮನೆಯಲ್ಲಿ ಈಗ ಎಲೆ ಹಾಕ್ತಾ ಇರ್ತಾರೆ ಅಂತ ಎಣಿಸಿದ. ಸುಡುವಾಗಲೂ ನಾನಿಲ್ಲ, ಬಡಿಸುವಾಗಲೂ ನಾನಿಲ್ಲ... ಮಗ ಅಂತ ಒಬ್ಬ ಎಂತಕ್ಕೆ?

ಪಾತ್ರೆಯಲ್ಲಿ ಒಂದು ತುತ್ತು ಉಳಿದಿತ್ತು. ಕಾಗದದ ತಟ್ಟೆಗೆ ಹಾಕಿದ. ಸ್ವಲ್ಪ ದೂರದ ಚಪ್ಪಟೆ ಕಲ್ಲಿನ ಮೇಲೆ ಇಟ್ಟ. ಎಳೆಯಲಿಕ್ಕೆ ಅಲ್ಲಿ ಬಾಗಿಲೆಲ್ಲಿ? ತಟ್ಟೆಗೆ ಬೆನ್ನು ಹಾಕಿ ಕೂತ. ನಮ್ಮ ತುಳುವಿನಲ್ಲೇ ಮೆಲ್ಲ ಕರೆದ... ಅಪ್ಪಾ, ಊಟಕ್ಕೆ ಬನ್ನಿ.

ಡೇರೆಯ ಬಟ್ಟೆ ಪಟಪಟ ಅಂತಿತ್ತು. ಗಾಳಿ ನಿಂತಿತು, ಅದೂ ನಿಂತಿತು.

ತುಂಬ ಹೊತ್ತಿನ ಮೇಲೆ, ಕೆಳಗೆ ಜಲ್ಲಿಯ ದಾರಿಯಲ್ಲಿ... ಜರಕ್. ಮತ್ತೆ ಏನಿಲ್ಲ. ಪುನಃ ಜರಕ್... ಚಪ್. ಜರಕ್... ಚಪ್. ಆಡು ಇರಬೇಕು ಅಂದುಕೊಂಡ. ಆ ಬೆಟ್ಟದಲ್ಲಿ ಆಡು ಉಂಟು. ಆದರೆ ಆಡು ಹವಾಯಿ ಚಪ್ಪಲಿ ಹಾಕ್ತದಾ? ಆ ಸದ್ದು ನಾಲ್ಕು ಹೆಜ್ಜೆ ಬರುವುದು, ನಿಲ್ಲುವುದು. ನಿಂತಾಗ ಉಸಿರು ಕೇಳುವುದು... ಸುಂಯ್... ಸುಂಯ್. ದಮ್ಮಿನವರು ಏರು ಹತ್ತುವ ಕ್ರಮ ಅದು.

ಬೆನ್ನ ಹಿಂದೆ ಬಂದು ನಿಂತಿತು. ಮೊಣಕಾಲು ಲಟಕ್ ಅಂತು. ಕೂತದ್ದು. ಕಾಗದದ ತಟ್ಟೆ ಕಲ್ಲಿನ ಮೇಲೆ ಸರಕ್ ಅಂತ ಸರಿಯಿತು. ಆಮೇಲೆ ಅನ್ನ ಕಲಸುವ ಸದ್ದು, ಬಾಯಿ ಚಪ್ಪರಿಸುವ ಸದ್ದು... ಚಿದನ ಕಣ್ಣಲ್ಲಿ ನೀರು ಇಳೀತಿತ್ತು, ಆದರೆ ಅವ ತಿರುಗಲಿಲ್ಲ. ಉಣ್ಣುವಾಗ ನೋಡಬಾರದು, ಅದು ಅವನಿಗೆ ಗೊತ್ತಿತ್ತು.

"ಎಂತ ಮಗಾ... ಇಷ್ಟು ದೂರವಾ," ಅಂತು ಸ್ವರ.

"ಬಚ್ಚಿತಾ ಅಪ್ಪಾ?"

"ಬಚ್ಚಿತು."

"ಮನೆಯಲ್ಲಿ ಎಲೆ ಹಾಕಿದ್ದಾರಲ್ಲ..."

"ನೀನು ಕರೆದೆ ಅಲ್ವಾ."

ಒಂದು ತುತ್ತು ನುಂಗಿದ ಸದ್ದು. ಆಮೇಲೆ ಮೆಲ್ಲ ಹೇಳಿದರಂತೆ, "ಇನ್ನು ವಾಪಸ್ಸು ಅಷ್ಟು ನಡೀಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ. ದಾರಿಯೂ ಗೊತ್ತಿಲ್ಲ."

ಬೆಳಿಗ್ಗೆ ಶರೀಫ್ ಡೇರೆಯಿಂದ ತಲೆ ಹೊರಗೆ ಹಾಕಿ ಕೇಳಿದ, "ರಾತ್ರಿ ಯಾರು ಬಂದದ್ದು? ಆ ಅಜ್ಜನ ಕೆಮ್ಮಿಗೆ ನನಗೆ ಎಚ್ಚರ ಆಯ್ತು." ತಟ್ಟೆ ಖಾಲಿ ಇತ್ತು. ಆಡು ತಿಂದದ್ದು ಅಂತ ಬೇಕಾದರೆ ಹೇಳಿ, ನಾನು ಬೇಡ ಅನ್ನುವುದಿಲ್ಲ.

ಆದರೆ ಇಲ್ಲಿಯದ್ದು ಕೇಳಿ. ಅದೇ ರಾತ್ರಿ ಇಲ್ಲಿ ಬಾಗಿಲು ಬಡಿದು ತೆರೆದಾಗ ಉಳಿದ ಎಲೆಗಳ ಅನ್ನ ಎಲ್ಲ ತಣ್ಣಗಾಗಿತ್ತು. ದೊಡ್ಡಪ್ಪನ ಎಲೆಯಲ್ಲಿ ಮಾತ್ರ ಆಗ ಬಡಿಸಿದ ಹಾಗೆ ಹಬೆ ಆಡ್ತಿತ್ತು. ಎಲ್ಲ ಒಂದೇ ಪಾತ್ರೆಯ ಅನ್ನ, ಅದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ! ದೊಡ್ಡಮ್ಮನ ಮುಖ ನಾನು ನೋಡಿದ್ದೇನೆ. ಅಳಲಿಲ್ಲ. ಫೋನು ಮಾಡಿ ಒಂದೇ ಮಾತು ಕೇಳಿದರು, "ನೀನು ಕರೆದೆಯಾ?"

ಇವ ಹೌದು ಅಂದ.

ಮತ್ತೆ ದೊಡ್ಡಪ್ಪ ಅವನ ಜೊತೆಯೇ ಉಳಿದರು. ಮಸ್ಕತ್ತಿನ ಆ ರೂಮಿನ ಎದುರು ರಾತ್ರಿ ಇಡೀ ಓಣಿಯ ಆ ಕೊನೆಯಿಂದ ಈ ಕೊನೆಗೆ ಚಪ್ಪಲಿಯ ಸದ್ದು, ಒಳಗೆ ಮಂಚದ ಕಾಲಬುಡದಲ್ಲಿ ಕೆಮ್ಮು. ಉಪದ್ರ ಇಲ್ಲ, ಹೆದರಿಸುವುದಿಲ್ಲ. ದಿಕ್ಕು ತಪ್ಪಿದ ಮುದುಕ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತಿರುವುದು, ಅಷ್ಟೇ. "ಹೆದರಿಕೆ ಅಲ್ಲ ಕಮಲಾಕ್ಷಣ್ಣ, ಸಂಕಟ," ಅಂತ ಫೋನಿನಲ್ಲಿ ನನ್ನ ಹತ್ತಿರ ಅತ್ತ. "ಸತ್ತ ಮೇಲಾದ್ರೂ ಅಪ್ಪ ಒಂದು ಕಡೆ ಕೂರಬೇಕಿತ್ತು. ನಾನು ಬಿಡ್ಲಿಲ್ಲ."

ದೊಡ್ಡಮ್ಮ ಹೋಗಿ ನೋಣಯ್ಯಜ್ಜನನ್ನು ಕೇಳಿದರು. ನಮ್ಮ ಕಡೆ ಸತ್ತವರ ಕ್ರಮ ಎಲ್ಲ ಹೇಳಿಕೊಡುವವರು ಅವರು. ಅಜ್ಜ ಎಲೆ ಅಡಿಕೆ ಜಗಿದು ಮುಗಿಸಿ ಹೇಳಿದರು, "ಕರೆದವನೇ ಕರ್ಕೊಂಡು ಬರಬೇಕು. ಬಾಯಿಬಿಟ್ಟು ದಾರಿ ಹೇಳ್ತಾ ಬರಬೇಕು. ಒಂದು ತಿರುವು ಹೇಳ್ಲಿಕ್ಕೆ ತಪ್ಪಿದ್ರೆ ರುಕ್ಮಯ್ಯ ಆ ತಿರುವಿನಲ್ಲೇ ಉಳಿದ. ಎರಡನೇ ಸಲ ಕರೀಲಿಕ್ಕೆ ಕ್ರಮ ಇಲ್ಲ."

ಚಿದ ಪುನಃ ರಜೆ ಕೇಳಿದ, ಕೊಡಲಿಲ್ಲ. ವೀಸಾ ಕ್ಯಾನ್ಸಲ್ ಮಾಡಿಸಿ ಬಂದ. ಊರಿನವರು ಇವನಿಗೆ ಮರ್ಲು ಅಂದರು. ನಾನೂ ಅಂದಿದ್ದೇನೆ, ಯಾಕೆ ಸುಳ್ಳು ಹೇಳಲಿ.

ಮಂಗಳೂರಿಗೆ ಇಳಿದು, ಬಸ್ಸಿನಲ್ಲಿ ಬಂದ. ನಾನು ಗುರುವಾಯನಕೆರೆಯಲ್ಲಿ ರಿಕ್ಷಾ ಹಿಡಿದು ಕಾದಿದ್ದೆ. ಬಸ್ಸು ಬರುವಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಇಳಿದವನನ್ನು ನೋಡಿದೆ. ಕಣ್ಣು ಗುಳಿಬಿದ್ದಿದೆ, ಗಂಟಲು ಪೂರಾ ಒಡೆದಿದೆ. ವಿಮಾನದ ಮೆಟ್ಟಿಲಿನಿಂದ ಹೇಳ್ತಾ ಬಂದಿದ್ದನಲ್ಲ... ಅಪ್ಪಾ, ಇದು ಬಿ.ಸಿ.ರೋಡು, ಇಲ್ಲಿ ಬಸ್ಸು ಬದಲಿ. ಅಪ್ಪಾ, ಪುಂಜಾಲಕಟ್ಟೆ. ಅಪ್ಪಾ, ಮಡಂತ್ಯಾರು ಬಂತು. ಬಸ್ಸಿನವರು ಎಂತ ಎಣಿಸಿದರೋ. ರಿಕ್ಷಾದಲ್ಲಿ ಒಂದು ಬದಿಗೆ ಒತ್ತಿ ಕೂತ, ಇನ್ನೊಂದು ಬದಿ ಖಾಲಿ ಬಿಟ್ಟ.

"ಅಪ್ಪಾ, ರಿಕ್ಷಾ ನಮ್ಮ ಕಮಲಾಕ್ಷಣ್ಣನದ್ದು. ಹತ್ತಿ," ಅಂದ ಪಿಸುಮಾತಿನಲ್ಲಿ.

ಗಾಡಿ ಹಿಂದೆ ಕುಸಿಯಿತು. ಬೇರೆ ಯಾರಿಗೆ ಗೊತ್ತಾಗದಿದ್ದರೂ ಅದು ನನಗೆ ಗೊತ್ತಾಗ್ತದೆ. ಮನೆಯ ಕಡೆಯ ಏರಿನಲ್ಲಿ ಒಬ್ಬನೇ ಪ್ಯಾಸೆಂಜರ್ ಇದ್ದರೆ ಸೆಕೆಂಡ್ ಗೇರಿನಲ್ಲಿ ಹೋಗ್ತದೆ. ಅವತ್ತು ಫಸ್ಟಿಗೆ ಹಾಕಬೇಕಾಯಿತು. ನಾನು ಕನ್ನಡಿ ನೋಡಲಿಲ್ಲ.

ರಿಕ್ಷಾ ಹೋಗುವುದು ಬಾವಿಗಿಂತ ಸ್ವಲ್ಪ ಈಚೆವರೆಗೆ. ಅಲ್ಲಿಂದ ನಡಿಗೆ. ನಾನು ಟಾರ್ಚು ಹಿಡಿದು ಮುಂದೆ, ಚಿದ ಹಿಂದೆ. ಮತ್ತೆ... ಅವನ ಹಿಂದೆ ಚಪ್ ಚಪ್. ಚಿದ ಹಾಕಿದ್ದು ಶೂ. ನನ್ನದು ಬರಿಗಾಲು, ಚಪ್ಪಲಿ ಗಾಡಿಯಲ್ಲೇ ಬಿಟ್ಟಿದ್ದೆ.

ಬಾವಿಯ ಹತ್ತಿರ ಹಳೇ ಕಾಲುದಾರಿ ನೇರ ಹೋಗ್ತಿತ್ತು. ದೊಡ್ಡಪ್ಪ ಆಯುಷ್ಯವಿಡೀ ನಡೆದದ್ದು ಅದರಲ್ಲಿ. ಅವರು ಹೋದ ಮೇಲೆ ಅದು ಜರಿದು ತೋಡಿಗೆ, ಕೆಳಗಿನ ಹಳ್ಳಕ್ಕೆ, ಬಿತ್ತು. ಈಗ ಬಾವಿಯ ಎಡಕ್ಕೆ ಹೊಸ ಕಾಂಕ್ರೀಟು ದಾರಿ. ನಾನು ಎಡಕ್ಕೆ ತಿರುಗಿದೆ. ಚಿದ ತಿರುಗಿದ. ಅವ ನಿದ್ದೆಗಣ್ಣಿನಲ್ಲಿ ನಡೀತಿದ್ದ, ಬಾಯಿ ಸೋತಿತ್ತು... ಹೇಳಲಿಲ್ಲ.

ಚಪ್. ಚಪ್. ಸದ್ದು ನೇರ ಹೋಯಿತು.

ಹೋಗ್ತಾ ಇದೆ... ದೂರ ಆಗ್ತಾ ಇದೆ... ತೋಡಿನ ಕಡೆ. ಚಿದ ಆಗ ಎಚ್ಚರಾಗಿ ನಿಂತ. ಬಾಯಿ ತೆರೆದ. ಗಂಟಲಿನಿಂದ ಬರೀ ಗಾಳಿ ಬಂತು, ಸ್ವರ ಬರಲಿಲ್ಲ. ನನ್ನ ಕೈ ಹಿಡಿದುಕೊಂಡ. ಅಷ್ಟು ದೂರದಿಂದ, ಅಷ್ಟು ಕಳಕೊಂಡು ತಂದದ್ದು, ಮನೆಯ ದೀಪ ಕಾಣುವಲ್ಲಿ ತಪ್ಪಿಹೋಗ್ತಾ ಇತ್ತು.

ನಾನು ಇಂಥದ್ದಕ್ಕೆಲ್ಲ ನಗಾಡುವವ. ಆದರೆ ಆ ಹೊತ್ತಿಗೆ ನಗು ಎಲ್ಲಿಂದ ಬರಬೇಕು? ನನ್ನನ್ನು ಹೆಗಲ ಮೇಲೆ ಕೂರಿಸಿ ಭೂತದ ನೇಮ ತೋರಿಸಿದ ದೊಡ್ಡಪ್ಪ ಅವರು.

"ದೊಡ್ಡಪ್ಪಾ," ಅಂದೆ. "ಅಲ್ಲಿ ದಾರಿ ಇಲ್ಲ. ಈಚೆ ಬನ್ನಿ. ಎಡಕ್ಕೆ."

ಸದ್ದು ನಿಂತಿತು. ಸುಂಯ್... ಸುಂಯ್... ಉಸಿರು ಮಾತ್ರ. ಕರೆದದ್ದು ನಾನಲ್ಲವಲ್ಲ, ನನ್ನ ಮಾತು ಆಗ್ತದಾ ಅಂತ ನಿಂತೆ. ಆಮೇಲೆ... ಚಪ್. ಚಪ್. ವಾಪಸ್ಸು. ಬಾವಿಯ ಕಟ್ಟೆ ಸುತ್ತಿ, ಕಾಂಕ್ರೀಟಿನ ಮೇಲೆ ಬಂತು. ಅಲ್ಲಿಂದ ಮನೆವರೆಗೆ ಒಂದೊಂದು ಮೆಟ್ಟಿಲನ್ನೂ ನಾನೇ ಹೇಳಿದೆ.

ದೊಡ್ಡಮ್ಮ ಒಳಗಿನ ಕೋಣೆಯಲ್ಲಿ ಒಂದೇ ಎಲೆ ಹಾಕಿ ಬಡಿಸಿ ಇಟ್ಟಿದ್ದರು. "ಅಪ್ಪಾ, ಮನೆ," ಅಂತ ಚಿದ ತುಟಿ ಅಲ್ಲಾಡಿಸಿದ. ದೊಡ್ಡಮ್ಮ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದರು. ನಾವು ಜಗಲಿಯಲ್ಲಿ ಕೂತೆವು. ಚಿದ ಗೋಡೆಗೆ ಒರಗಿದವ ಅಲ್ಲಿಯೇ ನಿದ್ದೆಹೋದ. ಬಾಯಿ ತೆರೆದು, ಮಗುವಿನ ಹಾಗೆ. ಮರುದಿನ ಬಿಸಿಲು ಏರಿದ ಮೇಲೆಯೇ ಅವ ಎದ್ದದ್ದು.

ಅದೇ ರಾತ್ರಿ ಹೊತ್ತು ನೋಡಿ ದೊಡ್ಡಮ್ಮ ಬಾಗಿಲು ಬಡಿದು ತೆರೆದರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಎಲೆ ಮಡಚಿತ್ತು. ಮೇಲಿನ ಅರ್ಧ ಕೆಳಗೆ, ನೀಟಾಗಿ, ಉಂಡು ಎದ್ದವರು ಮಡಚುವ ಹಾಗೆ.

"ಉಂಡರು," ಅಂದರು ದೊಡ್ಡಮ್ಮ. ಮತ್ತೆ ಅಲ್ಲೇ ಕುಸಿದು ಕೂತು, ಮೇ ತಿಂಗಳಿನಿಂದ ಅಳದೇ ಇದ್ದದ್ದನ್ನೆಲ್ಲ ಅತ್ತರು.

ಬೆಕ್ಕು ಅಂತ ಹೇಳ್ಬೇಡಿ. ಬೆಕ್ಕು ಜಗಲಿಯಲ್ಲಿ ನನ್ನ ಕಾಲಬುಡದಲ್ಲೇ ಮಲಗಿತ್ತು. ಕೋಣೆಗೆ ಇರುವುದು ಒಂದೇ ಬಾಗಿಲು. ಆ ಎಲೆ ತೆಗೆದು ತೆಂಗಿನ ಬುಡಕ್ಕೆ ಹಾಕಿದ್ದು ನಾನೇ, ಈ ಕೈಯಲ್ಲಿ. ಒಳಗೆ ಕೋಳಿಯ ಎಲುಬು ಬಿಟ್ಟರೆ ಒಂದು ಅಗುಳು ಅನ್ನ ಇರಲಿಲ್ಲ.