ಅತ್ತೆಯ ಪೈಠಣಿ

ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಶಾಮಲಾ ಪುಸ್ತಕ ತೆರೆದುಕೊಂಡು ಕುಳಿತಿದ್ದಳು. ಪಕ್ಕದ ಬೆಂಚಿನ ನೆಗೆಣ್ಣಿಯರಿಬ್ಬರ ಮಾತು ಕಿವಿಗೆ ಬಿದ್ದ ಮೇಲೆ ಹಾಳೆ ತಿರುವಲಿಲ್ಲ. ಇಬ್ಬರೂ ಮದುವೆಗೆ ಹೊರಟವರು. ಕಿರಿಯವಳು ನವಿಲು ಸೆರಗಿನ ಪೈಠಣಿ ರೇಷ್ಮೆ ಸೀರೆ ಉಟ್ಟಿದ್ದಳು. ಹಿರಿಯವಳು ಮೈತುಂಬ ಬಂಗಾರ ಹೇರಿಕೊಂಡಿದ್ದರೂ ಅವಳ ಕಣ್ಣು ಆ ಸೆರಗಿನ ಮೇಲೇ ನೆಟ್ಟಿತ್ತು.

“ಅತ್ತಿ ಕಾಲು ತಿಕ್ಕಿದಾಕಿ ನಾನು. ಸೀರಿ ಉಟ್ಟಾಕಿ ನೀನು.”

“ನಾ ಏನ್ ಕೇಳಿದ್ನೇನ್ರಿ ಮಹಾದೇವಕ್ಕಾರ? ಅತ್ತೀನ ಕರದು ಕೊಟ್ರು.”

“ಯಾಕ, ಹಿರೇ ಸೊಸಿ ಸತ್ತಿದ್ಳೇನು?”

“ನಿಮ್ಮ ಟ್ರಂಕ್ ತುಂಬ ಸೀರಿ ಅದಾವ, ಒಂದರ ಉಟ್ಟೀರೇನು? ‘ಹಿರ್ಯಾಕಿಗೆ ಕೊಟ್ರ ಬೇವಿನೆಲಿ ಹಾಕಿ ಹೂಳತಾಳ. ನಾ ಕಣ್ಣು ಮುಚ್ಚೂದ್ರೊಳಗ ಅದು ನಾಕು ಮಂದ್ಯಾಗ ಅಡ್ಡಾಡೂದು ನೋಡಬೇಕು’ ಅಂದ್ರು.”

ಹಿರಿಯವಳು ಸೆರಗಿನ ಅಂಚು ಹೊರಳಿಸಿದಳು.

“ಹಿಂದ ನೋಡಿಲ್ಲಿ. ಒಂದ್ ಎಳಿ ಜೋತು ಬಿದ್ದಿಲ್ಲ. ಮುಂದ ಹೆಂಗೋ ಹಿಂದನೂ ಹಂಗ ನವಿಲು. ಕೈಮಗ್ಗದ ಖರೇ ಪೈಠಣಿ ಅಂದ್ರ ಇದು. ಗೊತ್ತಿತ್ತೇನು ನಿನಗ?”

“ಇಲ್ರಿ.”

“ಗೊತ್ತಿಲ್ಲದಾಕಿಗೇ ಸಿಗತಾವ ನೋಡು ಇಂಥವು.”

ಹತ್ತಿಮತ್ತೂರಿನ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಕಿರಿಯವಳು ಹತ್ತುವಾಗ ಸೆರಗು ಜಾರಿ ಮೆಟ್ಟಿಲ ಕೆಸರಿಗೆ ಇಳಿಯುವುದರಲ್ಲಿತ್ತು. ಹಿರಿಯವಳು ತಟ್ಟನೆ ಎರಡೂ ಕೈಯಿಂದ ಎತ್ತಿ ಹಿಡಿದಳು.

“ಬಿಡ್ರಿ ಅಕ್ಕಾರ, ನೀವ್ಯಾಕ ನನ್ನ ಸೆರಗ ಹಿಡೀತೀರಿ?”

“ನಿನ್ನ ಸಲುವಾಗಿ ಅಲ್ಲ. ನಡಿ ಮುಂದ.”

ಬಸ್ಸು ಹೊರಟಾಗ ಶಾಮಲಾ ಕಿಟಕಿಯತ್ತ ನೋಡಿದಳು. ಸೆರಗು ಇನ್ನೂ ಹಿರಿಯವಳ ತೊಡೆಯ ಮೇಲೆಯೇ ಇತ್ತು.