ಬೀಗ ಬೇಡ, ‘ರೈಟ್’ ಅನ್ನಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಪೆಟ್ಟಿಗೆಯನ್ನು ತಯಾರಿಸಿದ ಕಂಪನಿಯ ನಿರ್ದೇಶಕರೇ, ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹನೀಯರೂ ಸೇರಿದಂತೆ ಸಮಸ್ತ ಸಭಿಕರೇ,

ನಿರೂಪಕರು ನನ್ನನ್ನು ‘ಮರೆವಿನ ಕಾಯಿಲೆಯಿಂದ ನರಳುತ್ತಿರುವ ಹಿರಿಯ ಜೀವ’ ಎಂದು ಪರಿಚಯಿಸಿದರು. ಕಾಯಿಲೆ ಇರುವುದು ನಿಜ. ನರಳಿದ್ದನ್ನು ಇವರು ಯಾವಾಗ ನೋಡಿದರು? ನಾನು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವಳು. ಡಿಪೋದಲ್ಲಿ ನನಗೆ ‘ಸ್ಟೇರಿಂಗಮ್ಮ’ ಎಂದೇ ಹೆಸರು. ಪರಿಚಯಿಸುವುದಾದರೆ ಹಾಗೆ ಪರಿಚಯಿಸಿ.

ಬಾಗಿಲ ಪಕ್ಕ ಅಂಟಿಸುವ ಈ ಮಾತಾಡುವ ಪೆಟ್ಟಿಗೆಯನ್ನು ಮೊದಲು ಪರೀಕ್ಷಿಸಿದ್ದು ನನ್ನ ಮನೆಯಲ್ಲಿ. ಅದಕ್ಕೇ ಇಂದಿನ ಸನ್ಮಾನ. ಮೊದಲ ಸಲ ಅದರೊಳಗೆ ಸಕ್ಕರೆಯಂಥ ದನಿಯೊಂದನ್ನು ತುಂಬಿದ್ದರು. ಬಾಗಿಲ ಬಳಿ ಹೋದರೆ ಸಾಕು, “ದಯವಿಟ್ಟು ಹೊರಗೆ ಹೋಗಬೇಡಿ” ಎನ್ನುತ್ತಿತ್ತು. ನಾನು ತಿರುಗಿಯೂ ನೋಡುತ್ತಿರಲಿಲ್ಲ. ಹಿಂದೆ ಕೂಗುವ ಪ್ರಯಾಣಿಕರಿಗೆಲ್ಲ ತಿರುಗಿ ನೋಡಿದ್ದರೆ ನನ್ನ ಬಸ್ಸು ಎಂದೋ ಚರಂಡಿಗೆ ಇಳಿಯುತ್ತಿತ್ತು! ಆಮೇಲೆ ನನ್ನ ಮಗನ ದನಿ ಹಾಕಿದರು. “ಅಮ್ಮಾ, ಒಳಗೆ ಹೋಗು.” ಹೆತ್ತವಳಿಗೇ ಹುಕುಂ! “ನೀನ್ಯಾವನೋ ನಂಗೆ ಹೇಳೋಕೆ?” ಎಂದು ಗೋಡೆಯ ಜೊತೆ ಜಗಳಕ್ಕೆ ನಿಂತೆ. ಪಕ್ಕದ ಮನೆಯವರಿಗೆ ಪುಕ್ಕಟೆ ನಾಟಕ.

ಆ ಮಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಒಳ್ಳೆಯವನು. ಒಮ್ಮೆ ನಾನು ಮನೆಬಿಟ್ಟು ಹೋಗಿ, ಹಳೆಯ ಡಿಪೋದ ಗೇಟಿನಲ್ಲಿ, ಡ್ಯೂಟಿಗೆ ತಡವಾಯಿತೆಂದು ಕಾವಲುಗಾರನ ಜೊತೆ ವಾದಿಸುತ್ತಿದ್ದೆನಂತೆ. ಹುಡುಕಿಕೊಂಡು ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಪೆಟ್ಟಿಗೆಗೆ ಬೀಗ ಸೇರಿಸಿ ಎಂದು ಕೇಳಿದ್ದು ಅವನೇ. ತಪ್ಪೇ? ಪ್ರೀತಿಯಿಂದಲೇ ಕೇಳಿದ. ಇವರು ಸೇರಿಸಿದರು. ಅಂದಿನಿಂದ ಅವನು ಫೋನಿನಲ್ಲಿ ಒತ್ತಿದರಷ್ಟೇ ನನ್ನ ಮನೆಯ ಬಾಗಿಲು ತೆರೆಯುತ್ತಿತ್ತು.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮರೆತೆ. ಪಾತ್ರೆ ಸೀದು, ಪಕ್ಕದ ಬಟ್ಟೆಗೆ ಬೆಂಕಿ ತಗುಲಿ, ಮನೆಯೆಲ್ಲ ಹೊಗೆ. ಬಾಗಿಲು ತೆರೆಯಲಿಲ್ಲ. ಮಗ ಮೀಟಿಂಗಿನಲ್ಲಿದ್ದ. ಪೆಟ್ಟಿಗೆ ಮಾತ್ರ “ಅಮ್ಮಾ, ಒಳಗೆ ಹೋಗು” ಎನ್ನುತ್ತಲೇ ಇತ್ತು. ಒಳಗೆ ಎಂದರೆ ಎಲ್ಲಿಗೆ ಹೋಗಲಿ, ಸಭಿಕರೇ? ಪಕ್ಕದ ಮನೆಯವರು ಬಾಗಿಲು ಒಡೆದು ನನ್ನನ್ನು ಹೊರಗೆ ಎಳೆದುಕೊಂಡರು.

ಪೆಟ್ಟಿಗೆ ಮಾಡಿದ ಇಂಜಿನಿಯರ್ ಹುಡುಗಿ ಮಸಿ ಹಿಡಿದ ಗೋಡೆ ನೋಡಿ ಅತ್ತಳು. ಅತ್ತು ಮುಗಿಸಿ, ಮೊದಲ ಬಾರಿಗೆ ನನ್ನನ್ನೇ ಕೇಳಿದಳು: “ಆಂಟಿ, ನೀವು ಯಾರ ಮಾತು ಕೇಳ್ತೀರಿ?”

ಡ್ರೈವರ್ ಯಾರ ಮಾತು ಕೇಳುತ್ತಾಳೆ? ಕಂಡಕ್ಟರ್ ಮಾತು! ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ‘ರೈಟ್’ ಎನ್ನುವವರೆಗೆ ಗಾಡಿ ಕದಲಬಾರದು. ಮಂತ್ರಿ ಬಂದು ಹೇಳಿದರೂ ಅಷ್ಟೇ. ನನ್ನ ಕಂಡಕ್ಟರ್ ಪೀಪಿಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ; ಇಂದು ಇಲ್ಲಿಗೂ ಜೊತೆಗೆ ಬಂದಿದ್ದಾಳೆ. ಸದಾ ಸೀಟಿ ಊದುತ್ತಿದ್ದವಳಿಗೆ ಬೇರೆ ಹೆಸರು ಯಾಕೆ? ಆ ಹುಡುಗಿ ನನ್ನ ಪೆಟ್ಟಿಗೆಯ ಬೀಗ ತೆಗೆದು, ಪೀಪಿಯ ದನಿ ತುಂಬಿದಳು. ಈಗ ಬಾಗಿಲಿಗೆ ಹೋದರೆ ಅವಳ ದನಿ ಗದರುತ್ತದೆ: “ಹೋಲ್ಡಾನ್! ಒಲೆ ಆರಿಸಿದ್ಯಾ? ಕೀಲಿ ತಗೊಂಡ್ಯಾ?” ನಿಲ್ಲುತ್ತೇನೆ. ನೋಡುತ್ತೇನೆ. ಪೆಟ್ಟಿಗೆಯ ಗುಂಡಿ ಒತ್ತಿದರೆ ಅವಳ ಫೋನು ಬಡಿದುಕೊಳ್ಳುತ್ತದೆ. ಅವಳು ಚಪ್ಪಲಿ ಮೆಟ್ಟಿಕೊಂಡು, ಪೆಟ್ಟಿಗೆಯಲ್ಲೇ “ರೈಟ್!” ಎನ್ನುತ್ತಾಳೆ. ತಿರುವಿನಲ್ಲಿ ಸಿಗುತ್ತಾಳೆ. ಇಬ್ಬರೂ ಊರು ಸುತ್ತಿ ಬರುತ್ತೇವೆ. ಬೀಗ ಎಲ್ಲಿದೆ ಇದರಲ್ಲಿ?

ಆದರೆ ಇಂದು ಬಿಡುಗಡೆಯಾಗುವ ಹೊಸ ಪೆಟ್ಟಿಗೆಯಲ್ಲಿ ಬೀಗ ಮತ್ತೆ ಬಂದಿದೆ. ಚಹಾ ಕುಡಿಯುವಾಗ ಕೇಳಿದ್ದಕ್ಕೆ ನಿರ್ದೇಶಕರು, “ಮನೆಯವರು ಕೇಳ್ತಾರಮ್ಮ” ಎಂದರು. ಸ್ವಾಮಿ, ಕೊಳ್ಳುವವರು ಮನೆಯವರು, ಒಳಗಿರುವವಳು ನಾನು! ದಾರಿ ತಪ್ಪುವ ಭಯ ನನಗೂ ಇದೆ. ದಿನಾ ಇದೆ. ಆದರೆ ಆ ಹೊಗೆಯಲ್ಲಿ ನಿಂತು ಬಾಗಿಲು ಬಡಿದ ಭಯದ ಮುಂದೆ ಅದು ಏನೂ ಅಲ್ಲ. ಬೀಗ ತೆಗೆಯುವವರೆಗೆ ನಿಮ್ಮ ಸನ್ಮಾನದ ಫಲಕ ಈ ಮೇಜಿನ ಮೇಲೇ ಇರಲಿ. ನಾನು ಮುಟ್ಟುವುದಿಲ್ಲ.

ಮಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಇದನ್ನು ಆಗಲೇ ಹೇಳಿದೆನೇ? ಹೇಳಿದ್ದರೆ ಇನ್ನೊಮ್ಮೆ ಕೇಳಿ, ಕಿವಿಯೇನೂ ಸವೆಯುವುದಿಲ್ಲ. ಮಗನೇ, ಮನೆಯವರು ಎಂದರೆ ನೀನು. ನಿನಗೆ ಬೀಗ ಬೇಡವೆಂದರೆ ಇವರ ನೆಪ ಮುಗಿಯಿತು. ಎದ್ದು ನಿಂತು ಒಂದೇ ಮಾತು ಹೇಳು. ನೀನು ಹೇಳುವವರೆಗೆ ನಾನು ಈ ಮೈಕಿನಿಂದ ಕದಲುವುದಿಲ್ಲ. ಡ್ರೈವರ್ ಕಾಯುವುದನ್ನು ಬಲ್ಲಳು.

ಏನು? ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಪ್ಪ, ಎಂಜಿನ್ ಸದ್ದು ಜೋರಾಗಿದೆ.

ಹಾಂ. ಈಗ ಕೇಳಿಸಿತು.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ವಂದನೆ. ಪೀಪಿ, ಬಾರೇ, ಹೋಗೋಣ. ನಮಸ್ಕಾರ.